ನಾಯಿ, ಬೆಕ್ಕು ಇರುವ ಮನೆಗೆ ವ್ಯಾಕ್ಯೂಮ್ ಕ್ಲೀನರ್: ವ್ಯಾಟ್ ಆಮೇಲೆ, ಮೊದಲು ಬ್ರಷ್ ನೋಡಿ

ಅಂಗಡಿಯಲ್ಲಿ ವ್ಯಾಕ್ಯೂಮ್ ಕ್ಲೀನರ್ ತೋರಿಸುವವರು ನುಣುಪಾದ ಟೈಲ್ಸ್ ಮೇಲೆ ಒಂದು ಹಿಡಿ ಅಕ್ಕಿಯನ್ನೋ ಸೋಡಾ ಪುಡಿಯನ್ನೋ ಚೆಲ್ಲಿ, ಒಂದೇ ಎಳೆತಕ್ಕೆ ಮಾಯ ಮಾಡಿಬಿಡುತ್ತಾರೆ. ಈ ಪರೀಕ್ಷೆಯಲ್ಲಿ ಯಾವ ಯಂತ್ರವೂ ಫೇಲಾಗುವುದಿಲ್ಲ. ನಿಮಗೆ ಬೇಕಾದ ಪರೀಕ್ಷೆ ಬೇರೆ. ನಾಯಿಯನ್ನೋ ಬೆಕ್ಕನ್ನೋ ಬಾಚಿದಾಗ ಬಂದ ಕೂದಲನ್ನು ಒಂದು ಕವರಿನಲ್ಲಿ ತುಂಬಿಕೊಂಡು, ಜೊತೆಗೆ ಒಂದು ಹಳೆಯ ಕಾಲೊರಸನ್ನೂ ಹಿಡಿದುಕೊಂಡು ಅಂಗಡಿಗೆ ಹೋಗಿ. ಕೂದಲನ್ನು ಕಾಲೊರಸಿನ ಮೇಲೆ ಹರಡಿ, ಅಂಗೈಯಿಂದ ಚೆನ್ನಾಗಿ ಉಜ್ಜಿ ಕೂರಿಸಿ, ಆಮೇಲೆ ಯಂತ್ರ ಓಡಿಸಲು ಹೇಳಿ. ನಾಲ್ಕು ಎಳೆತದ ನಂತರ ಬ್ರಷ್ ತಿರುಗಿಸಿ ನೋಡಿ. ಕೂದಲು ಡಬ್ಬಿಗೆ ಹೋಗಿದೆಯೋ, ಬ್ರಷ್ಷಿಗೇ ಸುತ್ತಿಕೊಂಡು ಕೂತಿದೆಯೋ ಗೊತ್ತಾಗುತ್ತದೆ.

ಮನೆಯ ಲೆಕ್ಕ ಮೊದಲು

ನಮ್ಮ ಮನೆಗಳಲ್ಲಿ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸುವುದು ಅಪರೂಪ. ವಿಟ್ರಿಫೈಡ್ ಟೈಲ್ಸ್, ಗ್ರಾನೈಟ್, ಮೊಸಾಯಿಕ್, ಹಳೆಯ ಮನೆಯಾದರೆ ರೆಡ್ ಆಕ್ಸೈಡ್. ಇಂಥ ನೆಲದ ಮೇಲೆ ಕೂದಲು ಅಂಟಿಕೊಳ್ಳುವುದಿಲ್ಲ, ಫ್ಯಾನಿನ ಗಾಳಿಗೆ ಉರುಳಿ ಮಂಚದ ಕೆಳಗೆ, ಬಾಗಿಲ ಹಿಂದೆ ಉಂಡೆಯಾಗುತ್ತದೆ. ಮೂತಿಯೊಳಗೆ ತಿರುಗುವ ಗಟ್ಟಿ ಕುಚ್ಚಿನ ರೋಲರ್ ಇಲ್ಲಿ ಉಪಕಾರಕ್ಕಿಂತ ಉಪದ್ರವವೇ ಹೆಚ್ಚು: ಹಗುರ ಕೂದಲನ್ನೂ ಬೆಕ್ಕಿನ ಮಲಮೂತ್ರದ ತಟ್ಟೆಗೆ ತುಂಬುವ ಲಿಟರ್ ಹರಳನ್ನೂ ಒಳಗೆಳೆಯುವ ಮೊದಲೇ ಹಿಂದಕ್ಕೆ ಚಿಮ್ಮಿಸುತ್ತದೆ. ಬಟ್ಟೆಯಂಥ ಮೆತ್ತನೆ ರೋಲರ್ ಅಥವಾ ರೋಲರೇ ಇಲ್ಲದ, ಸಣ್ಣ ಕುಚ್ಚಿನ ಅಂಚಿರುವ ಚಪ್ಪಟೆ ಮೂತಿ ಸಾಕು.

ನಿಜವಾದ ಕಷ್ಟ ಇರುವುದು ಸೋಫಾ, ಹಾಸಿಗೆ, ಕಾರಿನ ಸೀಟಿನಲ್ಲಿ. ಲ್ಯಾಬ್ರಡಾರ್, ಪಗ್, ನಮ್ಮ ಬೀದಿತಳಿಯ ನಾಯಿಗಳ ಕೂದಲು ಗಿಡ್ಡ ಮತ್ತು ಬಿರುಸು. ಅದು ಸೂಜಿಯಂತೆ ನೇಯ್ಗೆಯೊಳಗೆ ಚುಚ್ಚಿಕೊಳ್ಳುವುದರಿಂದ ಬರೀ ಗಾಳಿಯ ಸೆಳೆತಕ್ಕೆ ಜಗ್ಗುವುದಿಲ್ಲ, ಕೆದಕಿ ಎಬ್ಬಿಸಬೇಕು. ಪರ್ಷಿಯನ್ ಬೆಕ್ಕು, ಶಿಟ್ಜು ನಾಯಿಯ ಉದ್ದ ಕೂದಲು ಸುಲಭವಾಗಿ ಮೇಲೆದ್ದು ಬರುತ್ತದೆ, ಆದರೆ ರೋಲರಿಗೆ ಸುತ್ತಿಕೊಳ್ಳುತ್ತದೆ. ಮನೆಯಲ್ಲಿ ಯಾವ ಕೂದಲು ಎಂಬುದರ ಮೇಲೆ ಬ್ರಷ್ಷಿನ ಆಯ್ಕೆ ನಿಂತಿದೆ.

ಸೋಫಾ ಬ್ರಷ್: ಇಲ್ಲಿ ಜಿಪುಣತನ ಬೇಡ

ಸೋಫಾಕ್ಕೆಂದು ಕೊಡುವ ಪುಟ್ಟ ತಿರುಗುವ ಬ್ರಷ್‌ಗಳಲ್ಲಿ ಎರಡು ಜಾತಿ. ಒಂದು ಯಂತ್ರ ಎಳೆಯುವ ಗಾಳಿಯಿಂದಲೇ ತಿರುಗುವ ಟರ್ಬೊ ಬ್ರಷ್, ಇನ್ನೊಂದು ಒಳಗೆ ತನ್ನದೇ ಮೋಟರ್ ಇರುವುದು. ಟರ್ಬೊ ಬ್ರಷ್ ಅಗ್ಗ. ಆದರೆ ಮೆತ್ತನೆಯ ದಿಂಬಿನ ಮೇಲೆ ಸ್ವಲ್ಪ ಒತ್ತಿದರೂ ಗಾಳಿಯ ದಾರಿ ಮುಚ್ಚಿ ಗಕ್ಕನೆ ನಿಲ್ಲುತ್ತದೆ. ಮೋಟರ್ ಇರುವ ಬ್ರಷ್ ಹಾಗೆ ಸುಲಭಕ್ಕೆ ನಿಲ್ಲುವುದಿಲ್ಲ. ಗುರುತು ಹಿಡಿಯುವುದು ಸುಲಭ: ಪೈಪಿಗೆ ಸೇರುವ ಜಾಗದಲ್ಲಿ ವಿದ್ಯುತ್ ಸಂಪರ್ಕದ ಪಿನ್ ಇದ್ದರೆ ಮೋಟರ್ ಇದೆ.

ಮುಂದೆ ರೋಲರನ್ನು ಬಿಚ್ಚಿ ತೋರಿಸಲು ಹೇಳಿ. ಕೈಯಲ್ಲೇ, ಅಥವಾ ಒಂದು ನಾಣ್ಯದಿಂದ ತಿರುಗಿಸಿದರೆ ಬಿಚ್ಚಿಕೊಳ್ಳಬೇಕು. ಎರಡೂ ತುದಿಯ ಮುಚ್ಚಳ ತೆಗೆಯಲು ಬರಬೇಕು. ಕೂದಲು ಕೆಲಸ ಕೆಡಿಸುವುದು ಮಧ್ಯದಲ್ಲಲ್ಲ, ತುದಿಗಳಲ್ಲಿ. ಅಲ್ಲಿಂದ ಬೇರಿಂಗಿನೊಳಗೆ ನುಗ್ಗಿ ಬಿಗಿಯುತ್ತದೆ, ರೋಲರ್ ತಿಣುಕುತ್ತದೆ, ಬಿಸಿಗೆ ಪಕ್ಕದ ಪ್ಲಾಸ್ಟಿಕ್ ಕರಗುತ್ತದೆ. ಬೆಲ್ಟ್ ಇರುವ ಮಾದರಿಯಾದರೆ ರಬ್ಬರ್ ಸುಟ್ಟ ವಾಸನೆಯೇ ಮೊದಲ ಎಚ್ಚರಿಕೆ. ಕುಚ್ಚಿನ ಬದಲು ರಬ್ಬರ್ ಪಟ್ಟಿ ಇರುವ ಅಥವಾ ಒಂದು ಕಡೆ ಸಪೂರವಾಗಿ ಕೂದಲನ್ನು ಅತ್ತ ಜಾರಿಸುವ ರೋಲರ್‌ಗಳು ಈ ತೊಂದರೆಯನ್ನು ಕಡಿಮೆ ಮಾಡುತ್ತವೆ. ಪೂರ್ತಿ ತಪ್ಪಿಸುತ್ತವೆ ಎಂಬ ಮಾತನ್ನು ಮಾತ್ರ ನಂಬಬೇಡಿ.

ವ್ಯಾಟ್ ಎಂಬ ಮೋಹ

ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿರುವ 1600, 2000 ವ್ಯಾಟ್ ಎಂಬುದು ಯಂತ್ರ ನುಂಗುವ ಕರೆಂಟಿನ ಲೆಕ್ಕ, ಕಸ ಎಳೆಯುವ ತಾಕತ್ತಿನದ್ದಲ್ಲ. ಯುರೋಪಿಯನ್ ಒಕ್ಕೂಟ 2014ರ ಸೆಪ್ಟೆಂಬರಿನಲ್ಲಿ ಮನೆಬಳಕೆಯ ವ್ಯಾಕ್ಯೂಮ್ ಕ್ಲೀನರ್‌ಗಳಿಗೆ 1600 ವ್ಯಾಟ್‌ನ ಮಿತಿ ಹಾಕಿತು, 2017ರಲ್ಲಿ ಅದನ್ನು 900ಕ್ಕೆ ಇಳಿಸಿತು. ಅಲ್ಲಿನ ಮನೆಗಳೇನೂ ಕೊಳೆಯಾಗಿ ಉಳಿಯಲಿಲ್ಲ. ಕಂಪನಿಗಳು ಮೂತಿ, ಪೈಪು, ಗಾಳಿಯ ದಾರಿಯನ್ನು ಸುಧಾರಿಸಿಕೊಂಡವು.

ಹೋಲಿಸುವುದಿದ್ದರೆ ಸೆಳೆತ, ಗಾಳಿಯ ಹರಿವು ಎರಡನ್ನೂ ಸೇರಿಸಿ ಲೆಕ್ಕ ಹಾಕಿದ ಏರ್ ವ್ಯಾಟ್ ಅಂಕಿ ನೋಡಿ. ಕೆಲವರು ಕೊಡುವ ಕಿಲೋಪ್ಯಾಸ್ಕಲ್ ಅಂಕಿ ಹೇಳುವುದು ಪೈಪನ್ನು ಪೂರ್ತಿ ಮುಚ್ಚಿದಾಗ ಎಷ್ಟು ಸೆಳೆತ ಎಂಬುದನ್ನಷ್ಟೇ. ಕೂದಲನ್ನು ಹೊತ್ತೊಯ್ಯಲು ಗಾಳಿ ಹರಿಯಲೂ ಬೇಕು. ಇನ್ನೊಂದು ಮಾತು: 230 ವೋಲ್ಟ್‌ನಲ್ಲಿ 6 ಆಂಪಿಯರ್ ಸಾಕೆಟ್ ತಡೆಯುವುದು 1380 ವ್ಯಾಟ್. ಅದಕ್ಕಿಂತ ದೊಡ್ಡ ಯಂತ್ರವನ್ನು ತೆಳು ವೈರಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ಓಡಿಸುವುದು ಅಪಾಯ.

ಫಿಲ್ಟರ್ ಮತ್ತು ಸೀಲ್

ಮನೆಯಲ್ಲಿ ಯಾರಿಗಾದರೂ ಅಲರ್ಜಿ, ಉಬ್ಬಸ ಇದ್ದರೆ ಈ ಭಾಗ ಎಲ್ಲಕ್ಕಿಂತ ಮುಖ್ಯ. ಸೀನು ಬರಿಸುವುದು ಕೂದಲಲ್ಲ. ಬೆಕ್ಕಿನ ಜೊಲ್ಲು ಮತ್ತು ಚರ್ಮದ ಗ್ರಂಥಿಗಳಿಂದ ಬರುವ ಫೆಲ್ ಡಿ 1 ಎಂಬ ಪ್ರೋಟೀನು ಒಣಗಿ, ಹೊಟ್ಟಿನಂಥ ಸೂಕ್ಷ್ಮ ಕಣಗಳ ಮೇಲೆ ಕೂತು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ. ಸಾದಾ ಫಿಲ್ಟರಿನ ಯಂತ್ರ ಕೂದಲನ್ನು ಹಿಡಿದಿಟ್ಟುಕೊಂಡು ಈ ಕಣಗಳನ್ನು ಹಿಂದಿನಿಂದ ಕೋಣೆಗೇ ಊದುತ್ತದೆ.

ಇಂಥ ಸೂಕ್ಷ್ಮ ಕಣಗಳನ್ನೂ ತಡೆಯುವ ಫಿಲ್ಟರಿಗೆ ಹೆಪಾ ಎಂದು ಹೆಸರು. ಆದರೆ ಬರೀ ‘ಹೆಪಾ ಟೈಪ್’, ‘ಹೆಪಾ ಮಾದರಿ’ ಎಂದು ಬರೆದಿದ್ದರೆ ಅದಕ್ಕೆ ಅರ್ಥವಿಲ್ಲ. ದರ್ಜೆ ಬರೆದಿರಬೇಕು. ಎಚ್ 13 ಎಂದರೆ, ನುಸುಳಿ ಹೋಗಲು ಅತಿ ಅನುಕೂಲವಾದ ಗಾತ್ರದ ಕಣಗಳಲ್ಲೂ 99.95 ಶೇಕಡಾದಷ್ಟನ್ನು ಅದು ತಡೆಯಬೇಕು. ಫಿಲ್ಟರ್ ಎಷ್ಟೇ ಚೆನ್ನಾಗಿದ್ದರೂ ಡಬ್ಬಿಯ ಸಂದಿಯಿಂದ ಗಾಳಿ ಸೋರಿದರೆ ದುಡ್ಡು ದಂಡ. ಯಂತ್ರ ಓಡುತ್ತಿರುವಾಗ ಒದ್ದೆ ಮಾಡಿದ ಕೈಯ ಹಿಂಬದಿಯನ್ನು ಮುಚ್ಚಳ, ಕ್ಲಿಪ್ಪು, ಜೋಡಣೆಗಳ ಸುತ್ತ ಆಡಿಸಿ. ತಣ್ಣನೆ ಗಾಳಿ ತಗುಲಿದರೆ ಅಲ್ಲಿ ಸೋರಿಕೆ ಇದೆ. ಗಾಳಿ ಬರಬೇಕಾದದ್ದು ಫಿಲ್ಟರಿನ ಜಾಲರಿಯಿಂದ ಮಾತ್ರ.

ಬ್ಯಾಗೋ, ಡಬ್ಬಿಯೋ? ಅಲರ್ಜಿ ಇರುವವರಿಗೆ ಬ್ಯಾಗೇ ಸರಿ: ಬಾಯಿ ಮುಚ್ಚಿ ಎಸೆದರಾಯಿತು, ದೂಳು ಮುಖಕ್ಕೆ ಹಾರುವುದಿಲ್ಲ, ಫಿಲ್ಟರೂ ಬೇಗ ಕಟ್ಟಿಕೊಳ್ಳುವುದಿಲ್ಲ. ಖರ್ಚು ಮಾತ್ರ ನಿರಂತರ, ಸಣ್ಣ ಊರುಗಳಲ್ಲಿ ಬ್ಯಾಗ್ ಸಿಗುವುದೂ ಕಷ್ಟ. ಡಬ್ಬಿಯ ಯಂತ್ರವಾದರೆ ಗಾತ್ರ ನೋಡಿ. ಕೈಯಲ್ಲಿ ಹಿಡಿಯುವ ಕಾರ್ಡ್‌ಲೆಸ್‌ಗಳದ್ದು ಸಾಮಾನ್ಯವಾಗಿ ಅರ್ಧ ಲೀಟರ್ ಆಸುಪಾಸು. ಉದುರುವ ಕಾಲದಲ್ಲಿ ಒಂದು ಜರ್ಮನ್ ಶೆಫರ್ಡ್‌ನ ಒಳಗೂದಲಿಗೆ ಅದು ಒಂದೇ ಕೋಣೆಯಲ್ಲಿ ತುಂಬೀತು. ವೈರ್ ಇರುವ ಯಂತ್ರದಲ್ಲಿ ಎರಡು ಲೀಟರ್ ಡಬ್ಬಿ ಸಿಗುತ್ತದೆ.

ಕಾರ್ಡ್‌ಲೆಸ್, ರೋಬೋಟ್

ಕಾರ್ಡ್‌ಲೆಸ್‌ನ ಜಾಹೀರಾತಿನಲ್ಲಿರುವ 40, 60 ನಿಮಿಷ ಅತಿ ಕಡಿಮೆ ವೇಗದ್ದು, ಅದೂ ಬಹಳ ಸಲ ತಿರುಗುವ ಬ್ರಷ್ ಇಲ್ಲದೆ. ಸೋಫಾಕ್ಕೆ ಬೇಕಾದ ಗರಿಷ್ಠ ವೇಗದಲ್ಲಿ ಹತ್ತು ನಿಮಿಷ ಬಂದರೆ ಹೆಚ್ಚು. ಬ್ಯಾಟರಿಯನ್ನು ನಾವೇ ಬಿಚ್ಚಿ ಬದಲಿಸುವಂತಿರಬೇಕು, ಅದರ ಬೆಲೆಯನ್ನು ಕೊಳ್ಳುವ ದಿನವೇ ಕೇಳಿಟ್ಟುಕೊಳ್ಳಿ.

ರೋಬೋಟ್ ದಿನನಿತ್ಯದ ಕೂದಲು ಗುಡಿಸಲು ಒಳ್ಳೆಯದೇ, ಸೋಫಾ ಹತ್ತುವುದಿಲ್ಲ ಅಷ್ಟೇ. ಮನೆಯೊಳಗೆ ಕಕ್ಕ ಮಾಡುವ ಮರಿ ಇದ್ದರೆ ಮಾತ್ರ ಬೇಡವೇ ಬೇಡ. ಯಾರೂ ಇಲ್ಲದಾಗ ಅದರ ಮೇಲೆ ಹರಿದ ರೋಬೋಟ್, ಇಡೀ ಹಾಲಿಗೆ ಸಾರಿಸಿಟ್ಟಿರುತ್ತದೆ.

ಎಳೆಯಬಾರದ್ದು, ಮಾಡಬೇಕಾದ್ದು

ಬೆಂಟೊನೈಟ್ ಎಂಬ ಜೇಡಿಮಣ್ಣಿನಿಂದ ಮಾಡಿದ ಬೆಕ್ಕಿನ ಲಿಟರ್ ಒದ್ದೆಯಾದರೆ ಉಬ್ಬಿ ಪೈಪಿನೊಳಗೆ ಗಾರೆಯಂತೆ ಗಟ್ಟಿಯಾಗುತ್ತದೆ. ಅದನ್ನು ಪೊರಕೆಯಿಂದ ಗುಡಿಸಿ. ರಂಗೋಲಿ ಪುಡಿ, ಅಕ್ಕಿಹಿಟ್ಟು, ಊದಿನಕಡ್ಡಿಯ ಬೂದಿ ಫಿಲ್ಟರನ್ನು ನಿಮಿಷದಲ್ಲಿ ಮುಚ್ಚಿಬಿಡುತ್ತವೆ. ಮೂತ್ರ, ವಾಂತಿಗೆ ಒಣ ಯಂತ್ರ ಮುಟ್ಟಿಸಲೇಬಾರದು. ಒದ್ದೆ ಮತ್ತು ಒಣ ಎರಡಕ್ಕೂ ಆಗುವ ಯಂತ್ರದಲ್ಲೂ ಕಾಗದದ ಬ್ಯಾಗ್, ಒಣ ಫಿಲ್ಟರ್ ತೆಗೆದೇ ನೀರು ಎಳೆಯಬೇಕು.

ಡಬ್ಬಿಯನ್ನು ಪ್ರತಿ ಸಲವೂ ಖಾಲಿ ಮಾಡಿ. ಯಂತ್ರ ಓಡಿದಾಗಲೆಲ್ಲ ಬರುವ ನಾಯಿವಾಸನೆ, ಒಳಗೆ ಉಳಿದ ಎಣ್ಣೆಜಿಡ್ಡಿನ ಕೂದಲು ಬಿಸಿಯಾಗಿ ಬರುವಂಥದ್ದು. ರೋಲರಿಗೆ ಸುತ್ತಿದ ಕೂದಲನ್ನು ವಾರಕ್ಕೊಮ್ಮೆ, ಉದ್ದಕ್ಕೂ ಕತ್ತರಿ ಆಡಿಸಿ ತೆಗೆಯಿರಿ. ತೊಳೆಯುವ ಫಿಲ್ಟರನ್ನು ನೆರಳಿನಲ್ಲಿ ಪೂರಾ 24 ಗಂಟೆ ಒಣಗಿಸಬೇಕು, ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಎರಡು ದಿನವಾದರೂ ಬೇಕು. ಹಸಿ ಫಿಲ್ಟರಿನಲ್ಲಿ ದೂಳು ಕೆಸರಾಗುತ್ತದೆ. ಅದಕ್ಕೇ ಒಂದು ಫಿಲ್ಟರ್ ಹೆಚ್ಚಿಗೆ ಇಟ್ಟುಕೊಳ್ಳುವುದು ಜಾಣತನ.

ಯಂತ್ರ ತಾನಾಗಿ ನಿಂತುಹೋದರೆ ಮೋಟರ್ ಸುಟ್ಟಿತೆಂದು ಗಾಬರಿ ಬೇಡ. ಪೈಪ್ ಕಟ್ಟಿಕೊಂಡು ಬಿಸಿಯೇರಿದಾಗ ಒಳಗಿನ ಸುರಕ್ಷತಾ ಸ್ವಿಚ್ ಅದನ್ನು ನಿಲ್ಲಿಸುತ್ತದೆ. ಪ್ಲಗ್ ತೆಗೆದು ಅರ್ಧ ಗಂಟೆ ಬಿಡಿ. ಪೈಪಿನ ಒಂದು ತುದಿಯಿಂದ ನಾಣ್ಯ ಹಾಕಿ, ಇನ್ನೊಂದು ತುದಿಯಿಂದ ಬೀಳದಿದ್ದರೆ ಕೂದಲಿನ ಉಂಡೆ ಬಾಗಿನ ಜಾಗದಲ್ಲಿದೆ.

ಉಣ್ಣಿ, ಚಿಗಟದ ಕಾಟವಿದ್ದಾಗ ಬ್ಯಾಗ್ ಅಥವಾ ಡಬ್ಬಿಯ ಕಸವನ್ನು ಕವರಿನಲ್ಲಿ ಬಿಗಿಯಾಗಿ ಕಟ್ಟಿ ಕೂಡಲೇ ಮನೆಯಿಂದಾಚೆಯ ಕಸಕ್ಕೆ ಹಾಕಿ. ಒಳಗೆ ಜೀವಂತ ಉಳಿದವು ಪೈಪಿನ ದಾರಿಯಲ್ಲೇ ಹೊರಗೆ ಬರಬಲ್ಲವು.

ದುಡ್ಡು ಕೊಡುವ ಮೊದಲು ಕೊನೆಯ ವಿಚಾರಣೆ ಅಂಗಡಿಯವರಲ್ಲಿ ಅಲ್ಲ, ಊರಿನ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ. ಈ ಮಾದರಿಯ ಫಿಲ್ಟರ್, ರೋಲರ್, ಬೆಲ್ಟ್ ಈಗ ಸ್ಟಾಕಿನಲ್ಲಿ ಇವೆಯೇ, ಒಂದೊಂದರ ಬೆಲೆ ಎಷ್ಟು ಎಂದು ಕೇಳಿ. ‘ತರಿಸಿ ಕೊಡುತ್ತೇವೆ’ ಎಂಬ ಉತ್ತರ ಬಂದರೆ ಬೇರೆ ಮಾದರಿ ನೋಡಿ.