ಫಗ್ಸ್‌ಪಾ ಲಿಪಿಯಲ್ಲಿ ಒಂದು ‘ಠಾ’ ಟೈಪ್ ಮಾಡಿದ್ದು

ಬೀಜಿಂಗ್‌ನ ವಾಯವ್ಯಕ್ಕೆ, ಜುಯೊಂಗ್‌ಗುವಾನ್ ಕಣಿವೆಯಲ್ಲಿ 1345ರ ಒಂದು ಕಲ್ಲಿನ ಕಟ್ಟಡವಿದೆ. ಅದರ ಕಮಾನಿನ ಒಳಗೋಡೆಗಳಲ್ಲಿ ಬೌದ್ಧ ಧಾರಣಿಗಳನ್ನು (ಪಠಿಸುವ ಮಂತ್ರಗಳನ್ನು) ಆರು ಲಿಪಿಗಳಲ್ಲಿ ಕೆತ್ತಿದ್ದಾರೆ. ಅದರಲ್ಲಿ ಫಗ್ಸ್‌ಪಾ ಒಂದು. ಕುಬ್ಲಾಯ್ ಖಾನನಿಗಾಗಿ ಟಿಬೆಟ್ಟಿನ ಲಾಮಾ ಫಗ್ಸ್‌ಪಾ ರೂಪಿಸಿದ ಲಿಪಿ ಇದು. 1269ರಲ್ಲಿ ಮಂಗೋಲ್ ಆಳ್ವಿಕೆಯ ಅಧಿಕೃತ ಲಿಪಿಯಾಯಿತು. ಮಂಗೋಲ್ ಅಕ್ಷರದಲ್ಲಿ ಸಂಸ್ಕೃತ ಮಂತ್ರ! ಅದನ್ನು ಟೈಪ್ ಮಾಡಲೇಬೇಕು ಅನ್ನಿಸಿತು.

ಪ್ರತಿ ಅಕ್ಷರಕ್ಕೂ ಒಂದು ಕೋಡ್ ಸಂಖ್ಯೆ ಕೊಡುವ ಯೂನಿಕೋಡ್‌ಗೆ ಈ ಲಿಪಿ ಸೇರಿದ್ದು 2006ರಲ್ಲಿ, 56 ಚಿಹ್ನೆಗಳೊಂದಿಗೆ. ಕನ್ನಡದಲ್ಲಿ ಟೈಪ್ ಮಾಡುವವರಿಗೆ ಮೊದಲು ಕಾಣುವ ವ್ಯತ್ಯಾಸ ಒತ್ತಕ್ಷರದ್ದು. ನಾವು ಎರಡು ವ್ಯಂಜನಗಳ ನಡುವೆ ವಿರಾಮ ಅನ್ನೋ ಅರ್ಧಾಕ್ಷರದ ಚಿಹ್ನೆ (್) ಹಾಕಿದರೆ ಸಾಕು, ಉಳಿದದ್ದನ್ನು ಫಾಂಟ್ ನೋಡಿಕೊಳ್ಳುತ್ತದೆ. ಅಲ್ಲಿ ವಿರಾಮವೇ ಇಲ್ಲ. ಯ, ರ, ವ ಒತ್ತುಗಳಿಗೆ ಬೇರೆ ಬೇರೆ ಕೋಡ್ ಕೊಟ್ಟಿದ್ದಾರೆ.

ನಾನು ಜಾಸ್ತಿ ಹೊತ್ತು ಕೂತದ್ದು ಆ ಮಂತ್ರದ ‘ಅಧಿಷ್ಠಾನ’ ಪದದ ‘ಠಾ’ ಮೇಲೆ. ಫಗ್ಸ್‌ಪಾದಲ್ಲಿ ಟ, ಠ, ಡ, ಣ ಅಂದರೆ ತ, ಥ, ದ, ನಗಳ ಕನ್ನಡಿ ಬಿಂಬ. ತಿರುಗಿಸಿದರೆ ಅಕ್ಷರವೇ ಬೇರೆ, ಹಾಗಾಗಿ ಕೋಡೂ ಬೇರೆ. ದೀರ್ಘ ಬೇಕಾದಾಗ ಅದರ ಕೆಳಗೆ ‘ಸಣ್ಣ ಅ’ ಅನ್ನೋ ಅಕ್ಷರ ಬರುತ್ತದೆ. ಈ ನಾಲ್ಕು ಅಕ್ಷರಗಳ ನಂತರ ಬಂದರೆ ಅದೂ ತಿರುಗುತ್ತದೆ. ಆದರೆ ಅದು ಬೇರೆ ಅಕ್ಷರ ಅಲ್ಲ, ಆಕಾರ ಮಾತ್ರ ಬದಲು. ಈ ಭೇದ ನನಗೆ ತುಂಬಾ ಹಿಡಿಸಿತು. ಕಣ್ಣಿಗೆ ಎರಡೂ ಒಂದೇ ಥರದ ತಿರುವು, ಅಲ್ವಾ?

ಹಾಗಾಗಿ ನಾನು ಹಾಕಿದ್ದು ಎರಡೇ ಕೋಡ್: ಠಕ್ಕೆ ಎ86ಎ, ಸಣ್ಣ ಅಕ್ಕೆ ಎ856. ತಿರುಗಿಸುವ ಕೆಲಸ ಫಾಂಟಿನದು. ಮೂಲದಲ್ಲಿ ಈ ನಿಯಮಕ್ಕೆ ಹೊಂದದ ರೂಪ ಇದ್ದರೆ ಮಾತ್ರ ಸಣ್ಣ ಅ ಆದ ಮೇಲೆ ಎಫ್‌ಇ00 ಅನ್ನೋ ವೇರಿಯೇಷನ್ ಸೆಲೆಕ್ಟರ್ (ಹಿಂದಿನ ಅಕ್ಷರದ ಆಕಾರ ಬದಲಿಸುವ ಕೋಡ್) ಸೇರಿಸಬೇಕು. ಇದರ ಅರ್ಥ ‘ತಿರುಗಿಸು’ ಅಂತ ಅಲ್ಲ, ‘ಇಲ್ಲಿ ಸಹಜವಾಗಿ ಬರೋದರ ಉಲ್ಟಾ ತೋರಿಸು’ ಅಂತ. ಠದ ನಂತರದ ಸಣ್ಣ ಅಕ್ಕೆ ಹಾಕಿದರೆ ಅದು ನೇರವಾಗುತ್ತದೆ, ಥದ ನಂತರದ್ದಕ್ಕೆ ಹಾಕಿದರೆ ತಿರುಗುತ್ತದೆ. ಸುಮ್ನೆ ಎಲ್ಲ ಕಡೆ ಹಾಕುವಂಥದ್ದಲ್ಲ.

ಸೆಲೆಕ್ಟರ್ ಪರದೆ ಮೇಲೆ ಕಾಣೋದಿಲ್ಲ. ಅದಕ್ಕೆ ನಾನು ಪ್ರತಿ ಸಾಲನ್ನೂ ಕೋಡ್ ಸಂಖ್ಯೆಗಳಲ್ಲಿ ತೆರೆದು ನೋಡುತ್ತೇನೆ. ಪುಟದ ದಿಕ್ಕನ್ನೂ ಸರಿ ಮಾಡಿಕೊಳ್ಳಬೇಕು: ಸಾಲು ಮೇಲಿಂದ ಕೆಳಕ್ಕೆ, ಮುಂದಿನ ಸಾಲು ಅದರ ಬಲಕ್ಕೆ. ವೆಬ್ ಪುಟವಾದರೆ ಅದರ ವಿನ್ಯಾಸ ಹೇಳುವ ಸಿಎಸ್ಎಸ್‌ನಲ್ಲಿ ಒಂದೇ ಸಾಲಿನ ಸೂಚನೆ ಸಾಕು.