6ರಿಂದ 8ನೇ ತರಗತಿ: ಮಕ್ಕಳು ಮನೆಗೆಲಸ (ಹೋಮ್‌ವರ್ಕ್) ಮುಗಿಸಿಕೊಂಡು ಬರಬೇಕೆಂದರೆ

ಮನೆಗೆಲಸ ಮನೆಯಲ್ಲಿ ಮುಗಿಯಬೇಕೆಂದರೆ ಅದು ಶಾಲೆಯಲ್ಲೇ ಶುರುವಾಗಿರಬೇಕು. ಗಂಟೆ ಬಾರಿಸಿದ ಮೇಲೆ "ಎಲ್ಲಾ ಲೆಕ್ಕ ಮಾಡ್ಕೊಂಡ ಬರ್ರಿ" ಎಂದರೆ ಎಷ್ಟೋ ಮಕ್ಕಳು ಪುಟದ ಸಂಖ್ಯೆಯನ್ನೂ ಬರೆದುಕೊಂಡಿರುವುದಿಲ್ಲ. ಪಿರಿಯಡ್ಡಿನ ಕೊನೆಯ ಎಂಟು ನಿಮಿಷ ಇದಕ್ಕೇ ತೆಗೆದಿಡಿ. ಬೋರ್ಡಿನ ಮೂಲೆಯಲ್ಲಿ ತಾರೀಖು, ಪುಟ, ಲೆಕ್ಕದ ಸಂಖ್ಯೆ ಬರೆಯಿರಿ. ಮಕ್ಕಳು ಅದನ್ನು ವಹಿಯಲ್ಲಿ (ನೋಟ್‌ಬುಕ್ಕಿನಲ್ಲಿ) ಇಳಿಸಿಕೊಂಡು ಮೊದಲ ಲೆಕ್ಕವನ್ನು ನಿಮ್ಮೆದುರಿಗೇ ಮಾಡಲಿ. ಆಗ ಸಾಲುಗಳ ನಡುವೆ ಓಡಾಡಿದರೆ ಯಾರ ಪೆನ್ನು ನಿಂತಿದೆ ಎಂಬುದು ಕಾಣುತ್ತದೆ. ಇಲ್ಲಿ ನಿಂತ ಪೆನ್ನು ಮನೆಯಲ್ಲಿ ಓಡುವುದಿಲ್ಲ. ಆ ಮಗುವಿನ ವಹಿಯಲ್ಲಿ ಮುಂದಿನ ಒಂದು ಹಂತ ಬರೆದುಕೊಟ್ಟು, ಉಳಿದದ್ದನ್ನು ಅದಕ್ಕೇ ಬಿಡಿ.

ಪ್ರಮಾಣ ಕಡಿಮೆ ಇರಲಿ. ಎಲ್ಲಾ ವಿಷಯ ಸೇರಿ 6ನೇ ತರಗತಿಗೆ ಅರ್ಧ ಗಂಟೆ, 8ನೇ ತರಗತಿಗೆ ಮುಕ್ಕಾಲು ಗಂಟೆ ಸಾಕು. ಸ್ಟಾಫ್ ರೂಮಿನಲ್ಲಿ ಒಂದು ವಾರದ ಪಟ್ಟಿ ಅಂಟಿಸಿ, ದಿನಕ್ಕೆ ಎರಡೇ ವಿಷಯ ಹಂಚಿಕೊಳ್ಳಿ. ಇಲ್ಲದಿದ್ದರೆ ಒಂದೇ ಸಂಜೆಗೆ ನಾಲ್ಕು ವಿಷಯ ಬಿದ್ದು ಒಂದೂ ಮುಗಿಯುವುದಿಲ್ಲ. ಗಣಿತಕ್ಕೆ ಐದು ಲೆಕ್ಕ: ಎರಡು ತರಗತಿಯಲ್ಲಿ ಮಾಡಿದಂಥವೇ, ಎರಡು ಸ್ವಲ್ಪ ತಿರುವಿದಂಥವು, ಒಂದು ವಾಕ್ಯದ ಲೆಕ್ಕ.

ಪ್ರಾರ್ಥನೆಗೆ ಮೊದಲು ಕಟ್ಟೆ ಮೇಲೆ ಕೂತು ಒಬ್ಬರ ವಹಿಯಿಂದ ಹತ್ತು ಜನ ಇಳಿಸುವುದು ಎಲ್ಲ ಶಾಲೆಯಲ್ಲೂ ಇದೆ. ಬೈದರೆ ಕಟ್ಟೆ ಬದಲಾಗುತ್ತದೆ, ಇಳಿಸುವುದು ನಿಲ್ಲುವುದಿಲ್ಲ. ಲೆಕ್ಕವನ್ನೇ ಬದಲಿಸಿ. ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಮಕ್ಕಳಿಗೆ ಒಣದ್ರಾಕ್ಷಿ ಶೆಡ್ಡು ಗೊತ್ತು. ಸುಮಾರು 4 ಕಿಲೋ ಹಸಿ ದ್ರಾಕ್ಷಿ ಒಣಗಿದರೆ 1 ಕಿಲೋ ಸಿಗುತ್ತದೆ. "ನಿನ್ನ ಹಾಜರಿ ನಂಬರನ್ನು 10ರಿಂದ ಗುಣಿಸು. ಅಷ್ಟು ಕಿಲೋ ಹಸಿ ದ್ರಾಕ್ಷಿ ಒಣಗಿಸಿದರೆ ಎಷ್ಟು ಸಿಗುತ್ತದೆ?" ಎಂದು ಕೊಡಿ. 12ನೇ ನಂಬರಿಗೆ 30 ಕಿಲೋ, 37ನೇ ನಂಬರಿಗೆ 92.5 ಕಿಲೋ. ಪಕ್ಕದವರ ಉತ್ತರ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ಗೆಳೆಯನಿಂದ ದಾರಿ ಕೇಳಿ ತಿಳಿದುಕೊಂಡರೆ ಕೇಳಲಿ, ಅದು ಕಲಿಕೆಯೇ.

ಕೊಟ್ಟ ಕೆಲಸವನ್ನು ಮರುದಿನವೇ ನೋಡಬೇಕು. ಎರಡು ಸಲ ನೋಡದೆ ಬಿಟ್ಟರೆ ಮಾಡುವವರೂ ಬಿಡುತ್ತಾರೆ. ಮೊದಲ ಐದು ನಿಮಿಷ ಹಾಜರಿ ಪಟ್ಟಿ ಹಿಡಿದು ತಿರುಗಿ ಪೂರ್ತಿ, ಅರ್ಧ, ಇಲ್ಲ ಎಂದು ಗುರುತು ಹಾಕಿಕೊಳ್ಳಿ. ಕೆಂಪು ಪೆನ್ನಿನ ತಿದ್ದುವಿಕೆಗೆ ದಿನಕ್ಕೆ ಹತ್ತು ವಹಿ ಮಾತ್ರ; 40 ಮಕ್ಕಳ ತರಗತಿಯಲ್ಲಿ ನಾಲ್ಕು ದಿನಕ್ಕೊಮ್ಮೆ ಎಲ್ಲರ ಸರದಿ ಬರುತ್ತದೆ.

ಮಾಡದವರನ್ನು "ಯಾಕ ಮಾಡಿಲ್ಲ?" ಎಂದು ಕೇಳಬೇಡಿ. "ವಹಿ ಮನ್ಯಾಗ ಬಿಟ್ಟ ಬಂದೀನ್ರಿ ಸರ್" ಎಂಬ ಉತ್ತರ ತಯಾರೇ ಇರುತ್ತದೆ. "ಎಲ್ಲಿತನಾ ಬಂತು ತಮ್ಮಾ?" ಎಂದು ಕೇಳಿದರೆ ಮಗು ವಹಿ ತೆಗೆದು ತೋರಿಸುತ್ತದೆ. ಲೆಕ್ಕ ಬಾರದವರನ್ನು ಬಿಸಿಯೂಟದ ನಂತರ ಹದಿನೈದು ನಿಮಿಷ ಬಲ್ಲವರೊಬ್ಬರ ಜೊತೆ ಕೂರಿಸಿ. ಆಟದ ಪಿರಿಯಡ್ ಕಸಿಯಬೇಡಿ. ಕೆಲವು ಮಕ್ಕಳನ್ನು ಶಾಲೆಗೆ ಎಳೆದು ತರುವುದೇ ಅದು. ಹೊಡೆಯುವ, ಅವಮಾನಿಸುವ ಮಾತಂತೂ ಇಲ್ಲವೇ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಎರಡನ್ನೂ ನಿಷೇಧಿಸಿದೆ.

ಬಾರದವರು ಬೇರೆ, ಹೊತ್ತು ಸಿಗದವರು ಬೇರೆ. ಇಳಕಲ್ಲ, ಗುಳೇದಗುಡ್ಡ, ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ ಸಂಜೆ ಮಗ್ಗದ ನೂಲನ್ನು ಕಂಡಿಕೆಗೆ ಸುತ್ತುವ ಮಕ್ಕಳಿದ್ದಾರೆ. ಅವರಿಗೆ ಬೆಳಿಗ್ಗೆ ಪ್ರಾರ್ಥನೆಗೆ ಅರ್ಧ ಗಂಟೆ ಮುಂಚೆ ಒಂದು ಕೋಣೆಯ ಬಾಗಿಲು ತೆರೆದಿಡಿ. ಮನೆಗೆಲಸವನ್ನು ವಾಟ್ಸಾಪಿನಲ್ಲಿ ಮಾತ್ರ ಹಾಕಬೇಡಿ, ಫೋನು ಅಪ್ಪನ ಜೊತೆ ಹೊಲಕ್ಕೆ ಹೋಗಿರುತ್ತದೆ. ಓದು ಬಾರದ ತಾಯಿಗೆ ಒಂದೇ ಕೆಲಸ ಹೇಳಿ: ರಾತ್ರಿ ಊಟಕ್ಕೆ ಮುಂಚೆ "ಇವತ್ತಿಂದು ತೋರಸು" ಎಂದು ವಹಿ ತೆಗೆಸಿ ಬರೆದ ಪುಟ ನೋಡುವುದು.

ಸಂಕ್ರಾಂತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ, ಬನದ ಹುಣ್ಣಿಮೆಗೆ ಬಾದಾಮಿ ಕಡೆ ಬನಶಂಕರಿ ಜಾತ್ರೆ ಇದ್ದಾಗ ಬರೆಯುವ ಕೆಲಸ ಬಿಟ್ಟು, ಐದು ಸಾಮಾನಿನ ದರ ಕೇಳಿಕೊಂಡು ಬರಲು ಹೇಳಿ; ಶೇಕಡಾ ಲೆಕ್ಕಕ್ಕೆ ಅದೇ ಸಾಕು. ಕಬ್ಬು ಕಡಿಯಲು ಅಪ್ಪ-ಅವ್ವನ ಜೊತೆ ಮಹಾರಾಷ್ಟ್ರಕ್ಕೆ ಹೋಗಿ ತಿಂಗಳುಗಟ್ಟಲೆ ಶಾಲೆ ಬಿಟ್ಟು ಬಂದ ಮಗುವಿಗೆ ಹಳೆಯ ಬಾಕಿಯನ್ನೆಲ್ಲ ಹೇರಬೇಡಿ. ಮುಂದಿನ ಪಾಠಕ್ಕೆ ಬೇಕೇಬೇಕಾದ ಮೂರು ಸಂಗತಿ ಆರಿಸಿ, ವಾರಕ್ಕೊಂದರಂತೆ ಕೊಡಿ, ಉಳಿದದ್ದಕ್ಕೆ ಪಟ್ಟಿಯಲ್ಲಿ ಗೆರೆ ಎಳೆದುಬಿಡಿ.