ಮಳೆ ಲೆಕ್ಕಕ್ಕೆ ಸ್ಪೈಡರ್: ಹಾಕಿಕೊಂಡ ಬಗೆ, ಬಳಸುವ ಬಗೆ

ನನ್ನ ಕೆಲಸ ಮಳೆಯ ಅಂಕಿಅಂಶಗಳ ಜೊತೆ. ಸಾಫ್ಟ್‌ವೇರ್ ಕಟ್ಟುವುದು ಕಸುಬಲ್ಲ. ಡೇಟಾ ಓದಿ, ಲೆಕ್ಕ ಹಾಕಿ, ಗ್ರಾಫ್ ತೆಗೆಯುವಷ್ಟು ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಗೊತ್ತು, ಅಷ್ಟೇ. ಇಂಥವರಿಗೆ ಬರೆದ ಕೋಡ್‌ಗಿಂತ ಅದರೊಳಗೆ ಓಡಾಡುವ ಸಂಖ್ಯೆಗಳು ಕಣ್ಣಿಗೆ ಕಾಣುವುದು ಮುಖ್ಯ. ಅದಕ್ಕೇ ನಾನು ಪೈಥಾನ್ ಕೋಡ್ ಬರೆದು ಓಡಿಸಲು ಇರುವ ಸ್ಪೈಡರ್ ಹಿಡಿದವನು ಬಿಟ್ಟಿಲ್ಲ. ಪಿಯರ್ ರೇಬೋ 2009ರಲ್ಲಿ ಹೊರತಂದ ಈ ತಂತ್ರಾಂಶವನ್ನು ಈಗ ಕಾರ್ಲೋಸ್ ಕಾರ್ಡೊಬಾ ಮುಂದಾಳತ್ವದ ತಂಡ ನೋಡಿಕೊಳ್ಳುತ್ತಿದೆ. ಎಂಐಟಿ ಲೈಸೆನ್ಸ್, ದುಡ್ಡು ಕೊಡಬೇಕಿಲ್ಲ. ಮ್ಯಾಟ್‌ಲ್ಯಾಬ್ ಎಂಬ ಲೆಕ್ಕದ ತಂತ್ರಾಂಶ ಬಳಸಿದವರಿಗೆ ಪರದೆ ನೋಡಿದ ತಕ್ಷಣ ಪರಿಚಯದ್ದೇ ಅನ್ನಿಸುತ್ತದೆ: ಎಡಕ್ಕೆ ಎಡಿಟರ್, ಬಲಕ್ಕೆ ಕೆಳಗೆ ಐಪೈಥಾನ್ ಕನ್ಸೋಲ್ (ಕಮಾಂಡ್ ಕೊಟ್ಟು ಉತ್ತರ ನೋಡುವ ಜಾಗ), ಅದರ ಮೇಲೆ ವೇರಿಯಬಲ್‌ಗಳು (ಕೋಡಿನಲ್ಲಿ ಹೆಸರಿಟ್ಟ ಮೌಲ್ಯಗಳು), ಪ್ಲಾಟ್‌ಗಳು, ಸಹಾಯದ ಪುಟ.

ಹಾಕಿಕೊಳ್ಳಲು ಹಲವು ದಾರಿಗಳಿವೆ. ಪೈಥಾನ್ ಮತ್ತು ಅದರ ಸಲಕರಣೆಗಳ ದೊಡ್ಡ ಕಟ್ಟಾದ ಅನಕೊಂಡಾ ಹಾಕಿದರೆ ಸ್ಪೈಡರ್ ಜೊತೆಗೇ ಬರುತ್ತದೆ, ಆದರೆ ಬೇಡದ ಸಾಮಾನೂ ಹೊರೆಗಟ್ಟಲೆ ಬರುತ್ತದೆ. ಇನ್ನೂರಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳು ಅದಕ್ಕೆ ಹಣ ಕಟ್ಟಬೇಕೆಂಬ ಷರತ್ತೂ ಇದೆ. ಪೈಥಾನ್‌ನ ಪ್ಯಾಕೇಜ್ ಹಾಕುವ ಸಾಧನವಾದ ಪಿಪ್‌ನಿಂದಲೂ ಹಾಕಬಹುದು, ಪರದೆ ಮೂಡಿಸುವ ಕ್ಯೂಟಿ ಲೈಬ್ರರಿಗಳ ತಂಟೆ ಬಿಡಿಸಲು ಪುರುಸೊತ್ತಿದ್ದವರು ಆ ದಾರಿ ಹಿಡಿಯಲಿ. ನಾನು ಆರಿಸಿಕೊಂಡದ್ದು ಸ್ಪೈಡರ್ ತಂಡವೇ ಕೊಡುವ ಸ್ವತಂತ್ರ ಇನ್‌ಸ್ಟಾಲರ್. 2024ರಲ್ಲಿ ಬಂದ 6ನೇ ಆವೃತ್ತಿಯಿಂದ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದು ಸಿಗುತ್ತದೆ. ಡೌನ್‌ಲೋಡ್ ಮಾಡಿ, ನನಗೊಬ್ಬನಿಗೇ ಎಂಬ ಆಯ್ಕೆ ಒತ್ತಿದರೆ ಅಡ್ಮಿನ್ ಪಾಸ್‌ವರ್ಡ್ ಕೂಡ ಬೇಕಿಲ್ಲ. ಆಫೀಸಿನ ಕಂಪ್ಯೂಟರ್‌ನಲ್ಲಿ ಇದು ಸಣ್ಣ ಅನುಕೂಲವಲ್ಲ.

ಇಲ್ಲಿಗೆ ಅರ್ಧ ಕೆಲಸ ಮಾತ್ರ ಮುಗಿಯಿತು. ಈ ಇನ್‌ಸ್ಟಾಲರ್‌ನೊಳಗೆ ಸ್ಪೈಡರ್‌ನದೇ ಒಂದು ಪೈಥಾನ್ ಇರುತ್ತದೆ. ಲೆಕ್ಕಕ್ಕೆ ನಂಪೈ, ಕೋಷ್ಟಕಕ್ಕೆ ಪಾಂಡಾಸ್, ಗ್ರಾಫಿಗೆ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಸಿದ್ಧ ಕೋಡಿನ ಲೈಬ್ರರಿಗಳು ಅದರಲ್ಲೇ ಇರುವುದರಿಂದ ಕಲಿಯುವವರಿಗೆ ಅಷ್ಟು ಸಾಕು. ನಮ್ಮ ಲೈಬ್ರರಿಗಳನ್ನು ಮಾತ್ರ ಅದರೊಳಗೆ ತುರುಕಬಾರದು. ಸ್ಪೈಡರ್ ಅಪ್‌ಡೇಟ್ ಆದರೆ ಅವೂ ಹೋಗುತ್ತವೆ. ಅದಕ್ಕೆ ಮಿನಿಫೋರ್ಜ್ ಹಾಕಿಕೊಂಡು, ಅದರೊಂದಿಗೆ ಬರುವ ಪ್ಯಾಕೇಜ್ ನಿರ್ವಾಹಕ ಕೊಂಡಾದಲ್ಲಿ ‘ಮಳೆ’ ಎಂದು ಬೇರೆ ಎನ್ವಿರಾನ್‌ಮೆಂಟ್ (ತನ್ನದೇ ಪೈಥಾನ್, ಲೈಬ್ರರಿಗಳಿರುವ ಪ್ರತ್ಯೇಕ ಜಾಗ) ಮಾಡಿಕೊಂಡೆ (ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಿ, ಫೋಲ್ಡರ್ ದಾರಿಯಲ್ಲೂ ಸ್ಪೇಸ್ ಬೇಡ). ಅದಕ್ಕೆ ನಂಪೈ, ಪಾಂಡಾಸ್, ಹಲವು ಆಯಾಮದ ಡೇಟಾಕ್ಕೆ ಎಕ್ಸ್‌ಅರೇ, ಮ್ಯಾಟ್‌ಪ್ಲಾಟ್‌ಲಿಬ್ ಸೇರಿಸಿದೆ. ಇವುಗಳ ಜೊತೆ ಸ್ಪೈಡರ್-ಕರ್ನಲ್ಸ್ ಎಂಬ ಪ್ಯಾಕೇಜ್ ಇರಲೇಬೇಕು. ಹೊರಗಿನ ಪೈಥಾನ್‌ಗೂ ಸ್ಪೈಡರ್‌ನ ಪರದೆಗೂ ಮಾತುಕತೆ ನಡೆಯುವುದು ಅದರ ಮೂಲಕ. ಆಮೇಲೆ ಟೂಲ್ಸ್ ಮೆನುವಿನ ಪ್ರಿಫರೆನ್ಸಸ್‌ಗೆ ಹೋಗಿ, ಪೈಥಾನ್ ಇಂಟರ್‌ಪ್ರಿಟರ್ (ಕೋಡ್ ಓಡಿಸುವ ಪೈಥಾನ್) ಎಂಬಲ್ಲಿ ‘ಮಳೆ’ಯ ಪೈಥಾನ್ ತೋರಿಸಿ, ಹೊಸ ಕನ್ಸೋಲ್ ತೆರೆದರಾಯಿತು.

ಸ್ಪೈಡರ್‌ನ ಪ್ರತಿ ಆವೃತ್ತಿಗೂ ಹೊಂದುವ ಕರ್ನಲ್ಸ್ ಆವೃತ್ತಿ ಬೇರೆಬೇರೆ. ಸ್ಪೈಡರ್ ಮೇಲಕ್ಕೆ ಹೋಗಿ ಕರ್ನಲ್ಸ್ ಹಿಂದೆ ಉಳಿದರೆ ಕನ್ಸೋಲ್ ಏಳುವುದಿಲ್ಲ. ಉದ್ದದ ಎರರ್ ಬರುತ್ತದೆ. ಅದನ್ನು ನೋಡಿ ಎಲ್ಲ ತೆಗೆದು ಮತ್ತೆ ಹಾಕುವವರೇ ಹೆಚ್ಚು. ಪೂರ್ತಿ ಓದಿ ನೋಡಿ: ಓಡಿಸಬೇಕಾದ ಕಮಾಂಡ್ ಆ ಎರರ್‌ನಲ್ಲೇ ಇರುತ್ತದೆ. ಕಾಪಿ ಮಾಡಿ, ‘ಮಳೆ’ಯನ್ನು ಆ್ಯಕ್ಟಿವೇಟ್ ಮಾಡಿ, ಅಂಟಿಸಿದರೆ ಮುಗಿಯಿತು.

ಇನ್ನು ಬಳಕೆ. ಭಾರತ ಹವಾಮಾನ ಇಲಾಖೆ 1901ರಿಂದಾಚೆಗಿನ ದಿನವಹಿ ಮಳೆಯನ್ನು ಕಾಲು ಡಿಗ್ರಿ ಗ್ರಿಡ್‌ನಲ್ಲಿ (ಅಕ್ಷಾಂಶ, ರೇಖಾಂಶದ ಕಾಲು ಡಿಗ್ರಿಗೊಂದು ಬಿಂದು) ಕೊಡುತ್ತದೆ. ವರ್ಷಕ್ಕೊಂದು ಬೈನರಿ ಫೈಲ್, ಸುಮಾರು 25 ಎಂಬಿ. ನಂಪೈಯಲ್ಲಿ 32 ಬಿಟ್ ಫ್ಲೋಟ್ ಆಗಿ ಓದಿ 365, 129, 135 ಎಂದು ಆಕಾರ ಕೊಟ್ಟರೆ (ಅಧಿಕ ವರ್ಷಕ್ಕೆ 366) ದಿನ, ಅಕ್ಷಾಂಶ, ರೇಖಾಂಶದ ಮೂರು ಆಯಾಮದ ಅರೇ (ಸಂಖ್ಯೆಗಳ ಜೋಡಣೆ) ಸಿಗುತ್ತದೆ. ವೇರಿಯಬಲ್ ಎಕ್ಸ್‌ಪ್ಲೋರರ್‌ನಲ್ಲಿ ಅದರ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಎಕ್ಸೆಲ್ ಹಾಳೆಯ ಹಾಗೆ ತೆರೆದುಕೊಳ್ಳುತ್ತದೆ. ಕೆಳಗೆ ಆಕ್ಸಿಸ್, ಇಂಡೆಕ್ಸ್ ಎಂದು ಎರಡು ಖಾನೆ. ಆಕ್ಸಿಸ್ ಸೊನ್ನೆಯಲ್ಲಿಟ್ಟು ಇಂಡೆಕ್ಸ್ ಬದಲಿಸುತ್ತಾ ಹೋದರೆ ಒಂದೊಂದು ದಿನದ ಮಳೆ ಕಣ್ಣೆದುರು. ಡೇಟಾ ತೆಂಕಣ ತುದಿಯಿಂದ, ಅಂದರೆ ಆರೂವರೆ ಡಿಗ್ರಿ ಅಕ್ಷಾಂಶದಿಂದ ಶುರುವಾಗುವುದರಿಂದ ಹಾಳೆಯಲ್ಲಿ ಕನ್ಯಾಕುಮಾರಿ ಮೇಲೆ, ಕಾಶ್ಮೀರ ಕೆಳಗೆ! ಮೊದಮೊದಲು ತಲೆ ತಿರುಗುತ್ತದೆ, ಆಮೇಲೆ ರೂಢಿಯಾಗುತ್ತದೆ.

ಸಮುದ್ರದ ಮೇಲೆ, ದೇಶದ ಗಡಿಯಾಚೆ ಎಲ್ಲೆಲ್ಲೂ -999 ಎಂದಿರುತ್ತದೆ. ಅಲ್ಲಿ ಡೇಟಾ ಇಲ್ಲ ಎಂಬುದರ ಗುರುತು. ಹಾಳೆಯ ಮನೆಗಳಿಗೆ ಕನಿಷ್ಠ-ಗರಿಷ್ಠ ನೋಡಿ ಬಣ್ಣ ಬಳಿಯುವುದು ಸ್ಪೈಡರ್‌ನ ರೂಢಿ. -999 ಹಾಗೇ ಇದ್ದಾಗ ಹನಿ ಬೀಳದ ಊರಿಗೂ ನೂರು ಮಿಲಿಮೀಟರ್ ಸುರಿದ ಊರಿಗೂ ಬಣ್ಣದಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣುವುದಿಲ್ಲ. ಅದನ್ನು ನ್ಯಾನ್‌ಗೆ (ಸಂಖ್ಯೆಯಲ್ಲ ಎಂಬ ಖಾಲಿ ಗುರುತು) ಬದಲಿಸಿ ಮತ್ತೆ ತೆರೆದರೆ ಕರಾವಳಿಯ ಪಟ್ಟಿ ಬೇರೆಯಾಗಿ ಎದ್ದು ಕಾಣುತ್ತದೆ. ಸಾಲು 28, ಕಂಬ 34 ಎಂದರೆ ಆಗುಂಬೆಯ ನೆರೆ. ಸಾಲು 31, ಕಂಬ 40 ಚಿತ್ರದುರ್ಗದ ಕಡೆ. ಇವೆರಡರ ಜುಲೈ ತಿಂಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಘಟ್ಟದ ಮರೆ ಏನು ಮಾಡುತ್ತದೆಂದು ಪಾಠ ಹೇಳಬೇಕಿಲ್ಲ. ಇದು ಸುತ್ತಲಿನ ಮಳೆಮಾಪಕಗಳಿಂದ ಅಂದಾಜಿಸಿದ ಸಂಖ್ಯೆ, ಆಗುಂಬೆಯ ಮಾಪಕ ತೋರಿಸಿದ್ದೇ ಅಲ್ಲ ಎಂಬುದು ಮಾತ್ರ ನೆನಪಿರಲಿ.

ಕೋಡನ್ನು # %% ಗುರುತಿನಿಂದ ತುಂಡು ಮಾಡಿಕೊಳ್ಳುತ್ತೇನೆ. ಓದುವ ತುಂಡು ಒಮ್ಮೆ ಓಡಿದರೆ ಸಾಕು. ಗ್ರಾಫಿನ ತುಂಡನ್ನು ಕಂಟ್ರೋಲ್-ಎಂಟರ್ ಒತ್ತಿ ಬೇಕಾದಷ್ಟು ಸಲ ಓಡಿಸಬಹುದು. ಆಯ್ದ ಸಾಲಿಗಷ್ಟೇ ಎಫ್9, ಇಡೀ ಫೈಲಿಗೆ ಎಫ್5. ಹೀಗೆ ತುಂಡುತುಂಡಾಗಿ ಓಡಿಸುವಾಗ ಹಳೆಯ ವೇರಿಯಬಲ್‌ಗಳು ನೆನಪಿನಲ್ಲಿ ಕೂತಿರುತ್ತವೆ. ಕೋಡಿನಿಂದ ಅಳಿಸಿದ ಹೆಸರೂ ಕೆಲಸ ಮಾಡುತ್ತಲೇ ಇರುತ್ತದೆ. ಹಾಗಾಗಿ ಯಾವ ಲೆಕ್ಕವನ್ನೂ ಇನ್ನೊಬ್ಬರಿಗೆ ಕೊಡುವ ಮುಂಚೆ ಕರ್ನಲ್ (ಕನ್ಸೋಲ್‌ನ ಹಿಂದೆ ಕೋಡ್ ಓಡಿಸುವ ಪೈಥಾನ್) ರೀಸ್ಟಾರ್ಟ್ ಮಾಡಿ ಮೊದಲಿನಿಂದ ಓಡಿಸುತ್ತೇನೆ.

ಗ್ರಾಫ್‌ಗಳು ಪ್ಲಾಟ್ಸ್ ಎಂಬಲ್ಲಿ ಸಾಲಾಗಿ ಕೂರುತ್ತವೆ. ಜೂಮ್ ಮಾಡಿ ನೋಡಬೇಕಿದ್ದರೆ ಪ್ರಿಫರೆನ್ಸಸ್‌ನಲ್ಲಿ ಗ್ರಾಫಿಕ್ಸ್ ಬ್ಯಾಕ್‌ಎಂಡನ್ನು ಇನ್‌ಲೈನ್‌ನಿಂದ ಆಟೊಮ್ಯಾಟಿಕ್‌ಗೆ ಬದಲಿಸಿ. ಕನ್ನಡದಲ್ಲಿ ಲೇಬಲ್ ಹಾಕುವ ಆಸೆ ಇದ್ದರೆ ಸ್ವಲ್ಪ ತಾಳ್ಮೆ ಬೇಕು. ಮ್ಯಾಟ್‌ಪ್ಲಾಟ್‌ಲಿಬ್‌ನ ಮೂಲ ಫಾಂಟ್‌ನಲ್ಲಿ ಕನ್ನಡವಿಲ್ಲ, ಬರೀ ಚೌಕಗಳು ಬರುತ್ತವೆ. ನೋಟೊ ಸ್ಯಾನ್ಸ್ ಕನ್ನಡ ಹಾಕಿದರೆ ಅಕ್ಷರ ಬರುತ್ತದೆ. ಆದರೆ ನನ್ನಲ್ಲಿರುವ ಆವೃತ್ತಿಯಲ್ಲಿ ಒತ್ತಕ್ಷರ ಕೂಡುವುದಿಲ್ಲ. ‘ಮಳೆ’ ಹೇಗೋ ದಾಟಿಕೊಳ್ಳುತ್ತದೆ, ‘ಚಿತ್ರದುರ್ಗ’ ಚೂರುಚೂರಾಗುತ್ತದೆ. ಸದ್ಯಕ್ಕೆ ಚಿತ್ರವನ್ನು ಎಸ್‌ವಿಜಿಯಾಗಿ ಉಳಿಸಿ, ಚಿತ್ರ ತಿದ್ದುವ ಇಂಕ್‌ಸ್ಕೇಪ್‌ನಲ್ಲಿ ಊರಿನ ಹೆಸರು ಕೈಯಿಂದ ಬರೆಯುತ್ತಿದ್ದೇನೆ.

ಸ್ಪೈಡರ್ ಏಳುವುದು ನಿಧಾನ, ಮೆಮೊರಿಯನ್ನೂ ಧಾರಾಳವಾಗಿ ತಿನ್ನುತ್ತದೆ. 4 ಜಿಬಿಯ ಹಳೆಯ ಯಂತ್ರವಾದರೆ ಪ್ರಿಫರೆನ್ಸಸ್‌ನ ಪ್ಲಗಿನ್ಸ್ ಪಟ್ಟಿಯಲ್ಲಿ ಪ್ರೊಫೈಲರ್, ಕೋಡ್ ಅನಾಲಿಸಿಸ್ ತೆಗೆದುಬಿಡಿ. ವೇರಿಯಬಲ್ ಎಕ್ಸ್‌ಪ್ಲೋರರ್ ಮಾತ್ರ ಮುಟ್ಟಬೇಡಿ.